ಕೇಳದೆ ತೆಗೆದುಕೊಂಡ ಮಂಡಿನೋವು

ಸಮಾಜಶಾಸ್ತ್ರ ವಿಭಾಗದಲ್ಲಿ ಅವಳಿಗೆ ಇಟ್ಟ ಹೆಸರು ಕೊಕ್ಕೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಕೊಕ್ಕೆ. ಯಾರು ಏನೇ ಮಂಡಿಸಲಿ, ಮೊದಲ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. "ಸರ್, ಇದು ಹೇಗೆ ಬಂತು? ಸ್ವಲ್ಪ ಸ್ಟೆಪ್ ತೋರ್ಸಿ." ಅರ್ಧ ಆಯಸ್ಸು ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಬಾಯಿ ಅದು, ಉತ್ತರ ಸರಿಯಿದ್ದರೂ ಸ್ಟೆಪ್ ಇಲ್ಲದಿದ್ದರೆ ಅಂಕ ಕಡಿದ ಕೈ. ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಬಂದಾಗ ವಿಭಾಗದವರೆಲ್ಲ ಮುಖ ಮುಖ ನೋಡಿಕೊಂಡಿದ್ದರು. "ಬರಲಿ ಬಿಡ್ರಿ, ತಲೆ ಇದೆ" ಎಂದು ಒಳಗೆ ಕರೆದುಕೊಂಡವರು ವಿಭಾಗದ ಮುಖ್ಯಸ್ಥರೊಬ್ಬರೇ. ಅವರೇ ಅವಳ ಗೈಡ್ ಆದರು. ಆ ಉಪಕಾರವನ್ನು ಅವಳು ಮರೆತವಳಲ್ಲ. ಅದಕ್ಕೇ ಮುಂದೆ ನಡೆದದ್ದೆಲ್ಲ ಅವಳಿಗೆ ಅಷ್ಟು ಕಷ್ಟವಾಯಿತು.

ಪ್ರಬಂಧ ಹೆಚ್ಚುಕಡಿಮೆ ಮುಗಿದಿತ್ತು. ಗಣಿತದಲ್ಲಿ ಫೇಲಾದ ಮಕ್ಕಳ ತಾಯಂದಿರು ಜಾಲತಾಣದ ಗುಂಪುಗಳಲ್ಲಿ ಏನೇನು ಬರೆದುಕೊಳ್ಳುತ್ತಾರೆ ಎಂಬುದು ಅವಳ ವಿಷಯ. ಗೈಡ್ ಒಂದು ಸಹಿ ಹಾಕಿದರೆ ಕೆಲಸ ಆದಂತೆ. ಅವಳ ಗಂಡ ಫ್ರಿಜ್ ರಿಪೇರಿಯವನು. ಹೋದ ಹೋದ ಮನೆಯಲ್ಲೆಲ್ಲ "ನಮ್ಮ ಮನೆಯವಳು ಡಾಕ್ಟರಾಗ್ತಿದ್ದಾಳೆ. ಸೂಜಿ ಚುಚ್ಚೋ ಡಾಕ್ಟರಲ್ಲ, ಹೆದರಬೇಡಿ" ಎಂದು ಡಂಗುರ ಹೊಡೆದು ಬರುತ್ತಿದ್ದ.

ವಿಭಾಗದಲ್ಲಿ ತಿಂಗಳಿಗೊಮ್ಮೆ ಯಾರಾದರೊಬ್ಬರು ತಮ್ಮ ಸಂಶೋಧನೆಯನ್ನು ಮಂಡಿಸಬೇಕು, ಮಂಡಿಸುವವರೇ ಬಿಸ್ಕತ್ತು ತರಬೇಕು. ಬಿಸ್ಕತ್ತು ಚೆನ್ನಾಗಿದ್ದಷ್ಟೂ ಪ್ರಶ್ನೆ ಕಡಿಮೆ ಎಂಬುದು ಬರೆಯದೆಯೇ ಎಲ್ಲರೂ ಪಾಲಿಸುತ್ತಿದ್ದ ಕಾನೂನು. ಆ ತಿಂಗಳು ಗೈಡ್ ಸರದಿ. ಅವರು ಎರಡು ಬಗೆಯ ಕ್ರೀಮ್ ಬಿಸ್ಕತ್ತು ತಂದಿದ್ದರು. ವಯಸ್ಸಾದವರು ತಮ್ಮ ಕಾಯಿಲೆ ಕಸಾಲೆಗಳ ಬಗ್ಗೆ ಜಾಲತಾಣದಲ್ಲಿ ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಅವರದೊಂದು ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಏಳು ವರ್ಷದ ದುಡಿಮೆ. ಸಭಾಂಗಣದ ಕಿಟಕಿಗೆ ಪರದೆ ಇಲ್ಲದ್ದರಿಂದ ಸ್ಲೈಡಿನ ಅಕ್ಷರ ಮೊದಲ ಬೆಂಚಿನವರಿಗಷ್ಟೇ ಸರಿಯಾಗಿ ಕಾಣುತ್ತಿತ್ತು. ಹಿಂದಿನವರಿಗಾಗಿ ಗೈಡ್ ಮಂಡಿನೋವಿನ ಸ್ಲೈಡೊಂದನ್ನು ಗಟ್ಟಿಯಾಗಿ ಓದಿದರು.

"ನಮ್ಮ ಎಡದವಳು ಹೇಳಿದ ಮಾತು ಕೇಳ್ತಾಳೆ, ಬಲದವಳು ಮಹಾ ಹಟಮಾರಿ. ಆದ್ರೆ ನಾನು ಡಾಕ್ಟರ್ ಹತ್ರ ಹೋಗೋದು ಇವರಿಬ್ಬರಿಗಾಗಿ ಅಲ್ಲ. ಅವರು ಹೇಗಿದ್ದೀರಿ ಅಂತ ಕೇಳಿ, ಉತ್ತರ ಬರೋವರೆಗೂ ಕಾಯ್ತಾರೆ. ನಮ್ಮನೇಲೂ ಕೇಳ್ತಾರೆ. ಕಾಯಲ್ಲ."

ಕೆಳಗೆ ಸಣ್ಣ ಅಕ್ಷರದಲ್ಲಿ: ಮಹಿಳೆ, ಎಪ್ಪತ್ತರ ಆಸುಪಾಸು.

ಎಡದವಳು ಬಲದವಳು ಎಂಬಲ್ಲಿಗೆ ಇಡೀ ಸಭಾಂಗಣ ಗೊಳ್ಳೆಂದಿತು. ಗೈಡ್ ತಾವೂ ನಕ್ಕು, ನೋವಿಗೆ ಹೆಣ್ಣಿನ ರೂಪ ಕೊಡುವುದರ ಬಗ್ಗೆ ಎರಡು ಮಾತು ಹೇಳಿ, ಮುಂದಿನ ಸ್ಲೈಡಿಗೆ ಹೋದರು. ಕೊಕ್ಕೆಯ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ಉಳಿಯಿತು. ತನ್ನ ಮಂಡಿಗಳನ್ನು ಎಡದವಳು ಬಲದವಳು ಎಂದು ಕರೆಯುವವರು ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರೋ ಗೊತ್ತಿಲ್ಲ, ಅವಳಿಗೆ ಗೊತ್ತಿದ್ದವರು ಒಬ್ಬರೇ. ಆ ದಿನ ಬೆಳಿಗ್ಗೆಯೂ ಬಚ್ಚಲಮನೆ ಬಾಗಿಲಲ್ಲಿ ನಿಂತು "ಬಲದವಳು ಇವತ್ತು ಮುಷ್ಕರ ಹೂಡಿದ್ದಾಳೆ" ಎಂದವರು. ಇವಳು "ಹೌದಾ ಅತ್ತೆ? ಈಗ ಹೇಗಿದೆ?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಬ್ಯಾಗು ಹುಡುಕಿಕೊಂಡು ಮೆಟ್ಟಿಲಿಳಿದಿದ್ದಳು.

ಬೆಂಚಿನ ಕೆಳಗೆ ಫೋನ್ ಹಿಡಿದು ಆ ಸಾಲಿನ ಮೊದಲ ನಾಲ್ಕು ಪದ ಹುಡುಕಾಟಕ್ಕೆ ಹಾಕಿದಳು. ಮಂಡಿನೋವಿನವರ ಗುಂಪೊಂದು ತೆರೆದುಕೊಂಡಿತು. ಕನ್ನಡಕ ಹಣೆಗೇರಿಸಿಕೊಂಡು ನಗುತ್ತಿರುವ ಅತ್ತೆಯ ಫೋಟೋ, ಪಕ್ಕದಲ್ಲಿ ಪೂರ್ತಿ ಹೆಸರು, ಕೆಳಗೆ ಇದೇ ಮಾತು. ಅದೇ ಹೊತ್ತಿಗೆ ಗೈಡ್ ವೇದಿಕೆಯಿಂದ ಹೇಳುತ್ತಿದ್ದರು: "ಹೆಸರೆಲ್ಲ ತೆಗೆದಿದ್ದೀವಿ. ಯಾರು ಅಂತ ಯಾರಿಗೂ ಗೊತ್ತಾಗಲ್ಲ."

ಕೈ ತಾನಾಗಿಯೇ ಮೇಲೆದ್ದಿತು.

"ಸರ್, ಇವರನ್ನ ಕೇಳಿದ್ರಾ?"

"ಯಾರನ್ನ?"

"ಈ ಮಂಡಿಯವರನ್ನ."

ಮತ್ತೆ ನಗು. ಗೈಡ್ ತಾಳ್ಮೆಯಿಂದಲೇ ಹೇಳಿದರು. "ಅದು ಎಲ್ಲರಿಗೂ ಕಾಣೋ ಗುಂಪು ಮೇಡಂ. ಬೀದಿಗೋಡೆ ಮೇಲೆ ಬರೆದಿರೋದನ್ನ ಓದೋಕೆ ಯಾರ ಅಪ್ಪಣೆ ಬೇಕು? ಎಥಿಕ್ಸ್ ಕಮಿಟಿಯವರೂ ನೋಡಿದ್ದಾರೆ. ಈ ಅಧ್ಯಯನದಲ್ಲಿ ಮನುಷ್ಯರು ಭಾಗಿಯಾಗಿಲ್ಲ, ಅನುಮತಿ ಬೇಕಿಲ್ಲ ಅಂತ ಬರೆದುಕೊಟ್ಟಿದ್ದಾರೆ."

"ಮನುಷ್ಯರೇ ಇಲ್ವಾ ಸರ್? ಹಾಗಾದ್ರೆ ಮಂಡಿ ಎಲ್ಲಿಂದ ಬಂತು?"

ಈ ಸಲ ಯಾರೂ ನಗಲಿಲ್ಲ. ಒಬ್ಬ ಉಪನ್ಯಾಸಕರು "ಅಷ್ಟು ಗುಟ್ಟಿನ ಮಾತಾಗಿದ್ರೆ ಅವರು ಬರೀಬಾರದಿತ್ತು" ಎಂದರು. ಇನ್ನೊಬ್ಬರು "ಒಬ್ಬೊಬ್ಬರನ್ನೇ ಕೇಳ್ತಾ ಕೂತ್ರೆ ನಾವು ಸಂಶೋಧನೆ ಮಾಡೋದು ಯಾವಾಗ?" ಎಂದರು. ತಲೆಗಳು ಹೌದು ಹೌದೆಂದು ಆಡಿದವು. ಗೈಡ್ ಗಡಿಯಾರ ನೋಡಿ "ನನ್ನ ರೂಮಿಗೆ ಬನ್ನಿ" ಎಂದರು.

ರೂಮಿನಲ್ಲಿ ಅವರು ರೇಗಲಿಲ್ಲ. ರೇಗಿದ್ದರೆ ಸುಲಭವಿತ್ತು. ಅವಳ ಪ್ರಬಂಧದ ಮೂರನೇ ಅಧ್ಯಾಯ ತೆಗೆದು ಮೇಜಿನ ಮೇಲಿಟ್ಟರು. ಪುಟ ಪುಟದಲ್ಲೂ ತಾಯಂದಿರ ಮಾತು. ಮಗನನ್ನು ಹೊಡೆದು ಆಮೇಲೆ ತಾನೇ ಅತ್ತವಳು, ನೆರೆಮನೆಗೆ ಮುಖ ತೋರಿಸಲಾಗದೆ ಹಿತ್ತಲ ಬಾಗಿಲಿಂದ ಓಡಾಡಿದವಳು.

"ನನ್ನನ್ನ ಕೇಳಿದ್ರಲ್ಲ, ನೀವು ಯಾರನ್ನ ಕೇಳಿದ್ದೀರಿ?"

ಅವಳು ಯಾರನ್ನೂ ಕೇಳಿರಲಿಲ್ಲ.

"ನಾನೇ ನಿಮಗೆ ಹೀಗೆ ಹೇಳ್ಕೊಟ್ಟಿದ್ದು. ನನಗೆ ನನ್ನ ಗೈಡ್ ಹೀಗೇ ಹೇಳ್ಕೊಟ್ಟಿದ್ದು. ಸುಮ್ನೆ ಇಲ್ಲದ ರಾಮಾಯಣ ಬೇಡ. ಪ್ರಬಂಧ ಮುಗಿಸಿ" ಎಂದರು ಗೈಡ್. ಅದು ನಮ್ಮತ್ತೆ ಸರ್, ಎಂಬ ಮಾತು ಅವಳ ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ಅತ್ತೆಯನ್ನು ಒಂದು ಸಲ ಆ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟದ್ದು ಸಾಕಿತ್ತು.

ಮನೆಯಲ್ಲಿ ಅತ್ತೆ ಬಾಲ್ಕನಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಸೊಸೆ ಚಪ್ಪಲಿ ಕೂಡ ಬಿಡದೆ ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಕ್ಕರಾ?"

"ನಕ್ಕರು ಅತ್ತೆ."

"ಎಲ್ಲಿ? ಎಡದವಳು ಬಲದವಳು ಅನ್ನೋ ಕಡೆನಾ?"

"ಹೂಂ."

"ಅಲ್ಲಿ ನಗ್ಲಿ ಅಂತಾನೇ ಬರೆದಿದ್ದು. ಆಮೇಲಿನ ಮಾತಿಗೆ ಏನಂದ್ರು?"

"ಏನೂ ಅನ್ನಲಿಲ್ಲ. ಮುಂದಿನ ಸ್ಲೈಡಿಗೆ ಹೋದ್ರು."

ಅತ್ತೆಯ ಕೈ ಆಗ ನಿಂತಿತು. "ಅದನ್ನ ನಾನು ನೋವಿರೋರಿಗೆ ಬರೆದಿದ್ದು. ಬಿಸ್ಕತ್ತು ತಿನ್ನೋರಿಗಲ್ಲ."

"ಎಲ್ಲರಿಗೂ ಕಾಣೋ ಗುಂಪು ಅಂತಾರೆ ಅತ್ತೆ."

"ನಾನಿಲ್ಲಿ ಕೂತ್ರೆ ಬೀದೀಲಿ ಹೋಗೋರಿಗೆಲ್ಲ ಕಾಣ್ತೀನಿ. ಹಾಗಂತ ಯಾವನೋ ಬಂದು ಫೋಟೋ ಹೊಡ್ಕೊಂಡು ಪುಸ್ತಕಕ್ಕೆ ಹಾಕ್ತಾನಾ? ಕೈ ಮುರೀತೀನಿ."

ಸೊಸೆಗೆ ಇನ್ನೊಂದು ಮಾತು ಕೇಳಬೇಕಿತ್ತು, ಕೇಳಲು ಧೈರ್ಯ ಸಾಲುತ್ತಿರಲಿಲ್ಲ. ಕೊನೆಗೆ ಕೇಳಿಯೇ ಬಿಟ್ಟಳು. "ನಮ್ಮನೇಲಿ ಕಾಯಲ್ಲ ಅಂತ ಬರೆದಿದ್ದೀರಿ."

"ಸುಳ್ಳಾ?"

"ಅಲ್ಲ."

"ಅವರು ಕೇಳದೆ ತಗೊಂಡ್ರು. ನೀನು ಕೇಳಿ ಹೊರಟುಹೋದೆ. ನಿಮ್ಮಿಬ್ಬರಲ್ಲಿ ಯಾರ ಮೇಲೆ ಮೊದಲು ಸಿಟ್ಟು ಮಾಡ್ಲಿ, ನೀನೇ ಹೇಳು."

ಕೊಕ್ಕೆ ಅತ್ತಳು. ಮಕ್ಕಳೆದುರು, ಮೇಷ್ಟ್ರುಗಳೆದುರು ಎಂದೂ ಅಳದವಳು ಬಟಾಣಿ ಸಿಪ್ಪೆಯ ರಾಶಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಪಾತ್ರೆಯನ್ನು ಆಚೆ ಸರಿಸಿ, "ಆಯ್ತು, ಸಾಕು. ನಿನ್ನ ಮೇಲಿನ ಸಿಟ್ಟು ನಾನು ಆಮೇಲೆ ನೋಡ್ಕೋತೀನಿ. ಮೊದಲು ಆ ಪುಸ್ತಕದಿಂದ ನನ್ನ ಮಾತು ತೆಗೆಸು. ಅಚ್ಚಾಗೋ ಮುಂಚೆ. ನನ್ನ ಹೆಸರು ಮಾತ್ರ ಎತ್ತಬೇಡ" ಎಂದರು.

ಹೇಳುವುದು ಸುಲಭ. ಸಹಿ ಹಾಕುವ ಕೈ ಮತ್ತು ಪುಸ್ತಕ ಬರೆದ ಕೈ ಒಂದೇ. ಯಾರ ಮಾತು ಎಂದು ಹೇಳದೆ ಅದನ್ನು ತೆಗೆಸಬೇಕು. ಅದಕ್ಕೂ ಮೊದಲು ತನ್ನ ಎಲೆಯಲ್ಲಿ ಬಿದ್ದಿರುವುದನ್ನು ತಾನು ನೋಡಿಕೊಳ್ಳಬೇಕು. ಕೊಕ್ಕೆ ಮೂರನೇ ಅಧ್ಯಾಯದ ತಾಯಂದಿರಿಗೆಲ್ಲ ಒಬ್ಬೊಬ್ಬರಿಗೇ ಬರೆದಳು. ನಿಮ್ಮ ಈ ಮಾತನ್ನು ನಾನು ಕೇಳದೆ ಬಳಸಿಕೊಂಡಿದ್ದೇನೆ, ಈಗ ಕೇಳುತ್ತಿದ್ದೇನೆ, ಬೇಡವೆಂದರೆ ತೆಗೆಯುತ್ತೇನೆ. ಕೆಲವರು ಧಾರಾಳವಾಗಿ ಒಪ್ಪಿ, ಕೇಳದಿದ್ದ ಇನ್ನೆರಡು ಸಂಗತಿಯನ್ನೂ ಸೇರಿಸಿ ಕಳಿಸಿದರು. ಕೆಲವರು ಉತ್ತರಿಸಲಿಲ್ಲ. ಒಬ್ಬಾಕೆ "ನಾಚಿಕೆ ಆಗಲ್ವಾ ನಿಮಗೆ?" ಎಂದು ಝಾಡಿಸಿದಳು. ಮತ್ತೊಬ್ಬಾಕೆ "ಮಗನಿಗೆ ಹೊಡೆದೆ ಅಂತ ಆವತ್ತು ಸಂಕಟಕ್ಕೆ ಬರೆದಿದ್ದೆ. ಈಗ ಅವನೇ ಓದೋಷ್ಟು ದೊಡ್ಡವನಾಗಿದ್ದಾನೆ. ದಯವಿಟ್ಟು ಬೇಡ" ಎಂದಳು. ಒಪ್ಪದವರದ್ದನ್ನೂ ಉತ್ತರ ಬಾರದವರದ್ದನ್ನೂ ಅವಳು ಒಂದೊಂದಾಗಿ ಅಳಿಸಿದಳು. ಅಧ್ಯಾಯ ಸೊರಗಿ ಕಡ್ಡಿಯಾಯಿತು.

ಖಾಲಿಯಾದ ಜಾಗ ತುಂಬಲು ಅವಳಿಗೊಂದು ಉಪಾಯ ಹೊಳೆಯಿತು. ಸಂಶೋಧಕರು ಈ ವಿಷಯದಲ್ಲಿ ಏನು ಯೋಚಿಸುತ್ತಾರೆ ಎಂದು ಸಂಶೋಧಕರನ್ನೇ ಕೇಳಿದರಾಯಿತು. ಗೈಡ್ "ಏನಾದ್ರೂ ಮಾಡಿ, ಬೇಗ ಮುಗಿಸಿ" ಎಂದರು. ಅವಳು ತನ್ನ ವಿಭಾಗದಲ್ಲೂ ಪಕ್ಕದ ಕಟ್ಟಡದಲ್ಲೂ ರೂಮಿಂದ ರೂಮಿಗೆ ಹೊರಟಳು. ಪ್ರಶ್ನೆ ಎರಡೇ.

ಮೊದಲನೆಯದಕ್ಕೆ ಎಲ್ಲರ ಉತ್ತರವೂ ಸರಾಗ. ಬೇರೆಯವರ ಪೋಸ್ಟನ್ನು ಸಂಶೋಧನೆಗೆ ಬಳಸುವಾಗ ಅವರ ಅನುಮತಿ ಬೇಕೇ? ಬೇಡ, ಸಾರ್ವಜನಿಕ ತಾನೇ. ಬೇಕು ಅನ್ನೋದು ಆದರ್ಶ, ಆದ್ರೆ ಆಗೋ ಹೋಗೋ ಮಾತಲ್ಲ. ನೈತಿಕತೆ ಬಹಳ ಮುಖ್ಯ ಮೇಡಂ, ನಾನೇ ಅದರ ಮೇಲೆ ಲೇಖನ ಬರೆದಿದ್ದೀನಿ, ಆದ್ರೆ ಈ ಸಂದರ್ಭಕ್ಕೆ ಅದು ಅನ್ವಯಿಸಲ್ಲ. ಚಹಾ ತರಿಸಿ, ಕುರ್ಚಿಗೆ ಒರಗಿ, ವಿಸ್ತಾರವಾಗಿ ಹೇಳಿದರು.

ಆಮೇಲೆ ಅವಳು ಫೋನ್ ಹೊರತೆಗೆಯುತ್ತಿದ್ದಳು. "ಇದು ನೀವೇ ಹಾಕಿದ ಪೋಸ್ಟು ಸರ್. ಎಲ್ಲರಿಗೂ ಕಾಣೋ ಹಾಗಿದೆ. ಹೆಸರು ತೆಗೆದು ನನ್ನ ಪ್ರಬಂಧದಲ್ಲಿ ಹಾಕಬಹುದಾ?"

ಅಷ್ಟೇ. ಒರಗಿದ ಬೆನ್ನು ನೆಟ್ಟಗಾಗುತ್ತಿತ್ತು. ಹೆಂಡತಿಯ ಅಡುಗೆಯನ್ನು ಗೇಲಿ ಮಾಡಿದ್ದವರು "ಅಯ್ಯೋ, ಅದು ತಮಾಷೆಗೆ" ಎಂದರು. ಉತ್ತರಪತ್ರಿಕೆಯ ತಪ್ಪುಗಳನ್ನು ಹಾಕಿ ವಿದ್ಯಾರ್ಥಿಗಳನ್ನು ಆಡಿಕೊಂಡಿದ್ದವರು "ಅದು ನಮ್ಮ ಸ್ನೇಹಿತರಿಗೋಸ್ಕರ ಹಾಕಿದ್ದು, ನೀವು ಯಾಕೆ ಅಲ್ಲಿ ಮೂಗು ತೂರಿಸಿದ್ರಿ?" ಎಂದರು. ಗುಟ್ಟಾಗಿದ್ದರೆ ಬರೆಯಬಾರದಿತ್ತು ಎಂದಿದ್ದ ಉಪನ್ಯಾಸಕರಂತೂ ಬಡ್ತಿ ಸಿಗದ ದಿನ ಬರೆದಿದ್ದ ಉದ್ದನೆಯ ಪೋಸ್ಟನ್ನು ಅವಳೆದುರಿಗೇ ಗಡಿಬಿಡಿಯಲ್ಲಿ ಅಳಿಸಿದರು, ಅಳಿಸಿ ಬೆವರೊರೆಸಿಕೊಂಡರು. ಕೊಕ್ಕೆ ಎಲ್ಲರಿಗೂ ಒಂದೇ ಮಾತು ಹೇಳಿದಳು. "ಬೇಡ ಅಂದ್ರೆ ಹಾಕಲ್ಲ ಸರ್. ಕೇಳೋಕೇ ಬಂದಿದ್ದು." ಮೆಟ್ಟಿಲಿಳಿಯುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಸುಳ್ಳೇಕೆ, ಆ ವಾರಗಳಷ್ಟು ಸುಖವನ್ನು ಆ ಕಟ್ಟಡದಲ್ಲಿ ಅವಳು ಇನ್ನೆಂದೂ ಉಂಡಿರಲಿಲ್ಲ.

ಕೊನೆಗೆ ಉಳಿದದ್ದು ಗೈಡ್ ರೂಮು. ಅಲ್ಲಿಗೆ ಹೋಗುವಾಗ ನಗು ಇರಲಿಲ್ಲ. ಅವರ ಪುಟದಲ್ಲಿ ಸಮ್ಮೇಳನದ ಫೋಟೋಗಳ ನಡುವೆ ಒಂದೇ ಒಂದು ಬೇರೆ ಥರದ್ದಿತ್ತು. ಹೋದ ವರ್ಷದ್ದು. "ಅಮ್ಮನ ನಂಬರ್ ಇನ್ನೂ ಅಳಿಸಿಲ್ಲ. ದಿನಾ ಒಂದು ಸಲ ಡಯಲ್ ಮಾಡಿ, ರಿಂಗ್ ಆಗೋ ಮುಂಚೆ ಕಟ್ ಮಾಡ್ತೀನಿ." ಅವಳು ಫೋನನ್ನು ಮೇಜಿನ ಮೇಲಿಟ್ಟು ಅವರ ಕಡೆ ತಿರುಗಿಸಿದಳು.

"ಇದನ್ನ ಹಾಕಬಹುದಾ ಸರ್? ಪುರುಷ, ಐವತ್ತರ ಆಸುಪಾಸು ಅಂತ ಹಾಕ್ತೀನಿ."

ಗೈಡ್ ಓದಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅದು ನಮ್ಮಮ್ಮ" ಎಂದರು.

"ಹೆಸರು ತೆಗೀತೀನಿ ಸರ್. ಯಾರಿಗೂ ಗೊತ್ತಾಗಲ್ಲ."

"ಹೊರಗೆ ನಡೀರಿ."

ತಾನು ಕಟುಕಿಯಾದೆ ಎಂದು ಅವಳಿಗೇ ಅನ್ನಿಸಿತು. ಅನ್ನಿಸಿದರೂ ಹೆಜ್ಜೆ ಹಿಂದಿಡಲಿಲ್ಲ.

"ಹೋಗ್ತೀನಿ ಸರ್. ಬೇಡ ಅಂದ್ರಿ, ಹಾಕಲ್ಲ. ಆದ್ರೆ ನಿಮಗೆ ಬೇಡ ಅನ್ನೋಕೆ ಒಂದು ಅವಕಾಶ ಸಿಕ್ತು. ಆ ಮಂಡಿಯವರಿಗೆ ಸಿಗಲಿಲ್ಲ. ಅವರ ಮಾತನ್ನ ಪುಸ್ತಕದಿಂದ ತೆಗೀರಿ."

"ಯಾರು ಆ ಹೆಂಗಸು? ನಿಮಗೇನಾಗಬೇಕು?"

"ಅದನ್ನ ಹೇಳೋಕೆ ನನಗೆ ಅವರ ಅನುಮತಿ ಇಲ್ಲ."

ಮರುದಿನ ಗೈಡ್ ತಾವು ಇನ್ನು ಅವಳ ಗೈಡ್ ಅಲ್ಲವೆಂದು ಕಚೇರಿಗೆ ತಿಳಿಸಿದರು. ಗೈಡ್ ಇಲ್ಲದವಳಿಗೆ ಸಹಿ ಇಲ್ಲ, ಸಹಿ ಇಲ್ಲದೆ ಪದವಿ ಇಲ್ಲ. ವಿಭಾಗದ ಮಿಕ್ಕವರು ಅವಳನ್ನು ಕಂಡರೆ ಮೆಟ್ಟಿಲು ಬದಲಿಸುತ್ತಿದ್ದರು. ಕೊನೆಗೆ ಪಕ್ಕದ ಕಟ್ಟಡದ ಮನಶ್ಶಾಸ್ತ್ರದ ಮೇಡಂ ಒಬ್ಬರು, "ನನ್ನನ್ನೂ ಕೇಳಿದ್ರಲ್ಲ ಆ ಎರಡು ಪ್ರಶ್ನೆ, ಆವತ್ತಿಂದ ನೆಮ್ಮದಿ ಹಾಳಾಗಿದೆ" ಎನ್ನುತ್ತಲೇ ಅವಳನ್ನು ಸೇರಿಸಿಕೊಂಡರು. ಆದರೆ ನಿಯಮದ ಪ್ರಕಾರ ಹೊಸ ನೋಂದಣಿ, ಮೊದಲಿನಿಂದ ಎಲ್ಲ. ವಿಷಯ ತಿಳಿದ ಗಂಡ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಫ್ರಿಜ್ಜಲ್ಲಿ ಗ್ಯಾಸ್ ಲೀಕ್ ಆಗ್ತಿದ್ರೆ ನಾವೂ ಅಷ್ಟೇ ಮಾಡೋದು. ಪೂರ್ತಿ ಖಾಲಿ ಮಾಡಿ ಮತ್ತೆ ತುಂಬೋದು" ಎಂದ. ಡಂಗುರ ಮಾತ್ರ ನಿಲ್ಲಿಸಲಿಲ್ಲ.

ಬಿಟ್ಟುಹೋಗುವ ಮುನ್ನ ಅವಳ ಮಂಡನೆಯದೊಂದು ಸರದಿ ಹಳೆಯ ವಿಭಾಗದಲ್ಲೇ ಬಾಕಿಯಿತ್ತು. ಯಾರೂ ಅದನ್ನು ರದ್ದು ಮಾಡಲು ನೆನಪಿಟ್ಟಿರಲಿಲ್ಲ. ಅವಳು ಬಿಸ್ಕತ್ತು ತರದೆ ಹೋದಳು. ಗುಂಪು ಸೇರಿತ್ತು, ತಮ್ಮ ಪೋಸ್ಟು ಎಲ್ಲಿ ಪರದೆ ಮೇಲೆ ಬಂದುಬಿಡುತ್ತದೋ ಎಂಬ ಜೀವಭಯ ಎಲ್ಲರ ಮುಖದಲ್ಲೂ. ಗೈಡ್ ಕಡೆಯ ಬೆಂಚಿನಲ್ಲಿ ಕೂತಿದ್ದರು.

ಮೊದಲ ಸ್ಲೈಡು ಖಾಲಿ. ಕೆಳಗೆ ಸಣ್ಣ ಅಕ್ಷರದಲ್ಲಿದ್ದುದನ್ನು ಅವಳು ಗಟ್ಟಿಯಾಗಿ ಓದಿದಳು: ಉಪನ್ಯಾಸಕರು, ಕೇಳಿದೆ, ಬೇಡ ಎಂದರು. ಎರಡನೆಯದೂ ಖಾಲಿ. ಪ್ರಾಧ್ಯಾಪಕರು, ಕೇಳಿದೆ, ಬೇಡ ಎಂದರು. ಮೂರನೆಯದೂ. ಮೊದಮೊದಲು ಒಂದೆರಡು ಕಿಸಕ್ಕು ಕೇಳಿಸಿತು, ಆಮೇಲೆ ಅದೂ ನಿಂತಿತು. ಬೆಳ್ಳಗಿನ ಸ್ಲೈಡುಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ಕೊನೆಯಲ್ಲಿ ಅವಳು ಹೇಳಿದಳು. "ಇವರಲ್ಲಿ ಯಾರಿಗೂ ನಾನು ಅವಮಾನ ಮಾಡಿಲ್ಲ. ಯಾರ ಮಾತನ್ನೂ ತೋರಿಸಿಲ್ಲ. ಇಲ್ಲಿ ಕೂತಿರೋ ಒಬ್ಬರಿಗೂ ತಮ್ಮ ಮಾತು ಬೇರೆಯವರ ಕೈಗೆ ಸಿಗೋದು ಇಷ್ಟ ಇಲ್ಲ. ಹಾಗಿದ್ರೂ ಇಲ್ಲಿಂದ ಹೊರಟ ಪ್ರತಿಯೊಂದು ಪುಸ್ತಕದಲ್ಲೂ ಬೇರೆಯವರ ಮಾತಿದೆ. ನನ್ನ ಸ್ಟೆಪ್ ಇಷ್ಟೇ. ತಪ್ಪಿದ್ರೆ ತೋರ್ಸಿ."

ಯಾರೂ ತೋರಿಸಲಿಲ್ಲ. ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ ಗೈಡ್ ಬಂದರು. ಅವಳ ಮುಖ ನೋಡದೆ, ಗೋಡೆಯ ಮೇಲಿನ ಪ್ರಕಟಣೆ ಓದುವವರಂತೆ ನಿಂತು ಹೇಳಿದರು. "ಅಚ್ಚಿನ ಮನೆಯವರಿಗೆ ಆ ಪುಟ ನಿಲ್ಲಿಸಿ ಅಂದಿದ್ದೀನಿ. ಅವರ ನಂಬರ್ ಕೊಡಿ. ನಾನೇ ಕೇಳ್ತೀನಿ."

"ನಂಬರ್ ಕೊಡಬಹುದಾ ಅಂತ ಮೊದಲು ಅವರನ್ನ ಕೇಳ್ತೀನಿ ಸರ್."

ಅತ್ತೆ ವಿಷಯ ಕೇಳಿ ಕನ್ನಡಕ ಹಣೆಗೇರಿಸಿದರು. "ಕೊಡು, ಕೊಡು. ಬೇಡ ಅನ್ನೋ ಸುಖ ನನಗೂ ಒಂದು ಸಲ ಸಿಗಲಿ. ಈ ಮನೇಲಿ ಬೇಕಾ ಅಂತ ಯಾರು ಕೇಳಿದ್ರೂ ಆಗ್ಲಿ ಆಗ್ಲಿ ಅಂದೇ ಜನ್ಮ ಸವೀತು."

ಮರುದಿನ ಮಧ್ಯಾಹ್ನ ಫೋನ್ ಬಂತು. ಅತ್ತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ಗೈಡ್ ತಮ್ಮ ಪರಿಚಯ ಹೇಳಿದರು, ಪುಸ್ತಕದ ವಿಷಯ ಹೇಳಿದರು, ಮಾತು ಎಲ್ಲಿ ಸಿಕ್ಕಿತು, ಯಾಕೆ ಹಿಡಿಸಿತು, ಕೇಳದೆ ತೆಗೆದುಕೊಂಡದ್ದು ತಪ್ಪಾಯಿತು, ಇಂಥ ಮಾತು ಹತ್ತು ಜನ ಓದಿದರೆ ವಯಸ್ಸಾದವರ ಬಗ್ಗೆ ಲೋಕದ ಕಣ್ಣು ತೆರೆಯುತ್ತದೆ, ಎಲ್ಲವನ್ನೂ ಹೇಳಿದರು. ಒಳ್ಳೆಯ ಮಾತುಗಾರರು. ಎಲ್ಲಿ ಅತ್ತೆ ಕರಗಿಬಿಡುತ್ತಾರೋ ಎಂದು ಸೊಸೆಗೆ ಭಯ. ಅತ್ತೆ ನಡುವೆ ಒಂದು ಸಲವೂ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

"ಅಷ್ಟೇ ಅಮ್ಮಾ. ಹಾಕಬಹುದಾ?"

"ಬೇಡಪ್ಪ."

"ಒಂದು ಕಾರಣ ಹೇಳಿದ್ರೆ..."

"ಬೇಡ ಅನ್ನೋರು ಕಾರಣ ಹೇಳ್ಬೇಕು ಅಂತ ರೂಲ್ಸ್ ಇದೆಯಾ?"

"ಇಲ್ಲಮ್ಮ. ಹಾಗೇನಿಲ್ಲ."

"ಹಾಗಾದ್ರೆ ಬೇಡ" ಎಂದರು ಅತ್ತೆ.